ತೀರ್ಪಿನೊಳಗೆ ಸಿಕ್ಕ ‘ಇಸ್ತ್ರೀ’

ನಾನು ಕಾನೂನು ಪಾಠ ಮಾಡುವವಳು. ಜಾವಾದ ಯೋಗ್ಯಕರ್ತಾದಲ್ಲಿ ನಡೆದ ಸಿಂಹಾಸನದ ತಕರಾರನ್ನು ಮೂಲದಲ್ಲೇ ಓದಬೇಕೆಂಬ ಹಟಕ್ಕೆ ಇಂಡೊನೇಷ್ಯಾದ ಭಾಷೆ ಕಲಿತೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೊದಲು ಬಿಡಿಸಿದ್ದು 2012ರ 13ನೇ ಕಾಯ್ದೆ. ಅದರ ಪ್ರಕಾರ ಅಲ್ಲಿ ಸುಲ್ತಾನರೇ ಗವರ್ನರ್, ಅಂದರೆ ಪ್ರಾಂತ್ಯದ ಆಡಳಿತದ ಮುಖ್ಯಸ್ಥರು, ಚುನಾವಣೆ ಇಲ್ಲ. 2015ರಲ್ಲಿ ಮೈಸೂರಿನಲ್ಲೂ ಪಟ್ಟಾಭಿಷೇಕ ಆಯಿತು, ಆದರೆ ಅದರ ಜೊತೆ ಯಾವ ಸರ್ಕಾರಿ ಹುದ್ದೆಯೂ ಬರಲಿಲ್ಲ. ಯೋಗ್ಯಕರ್ತಾದಲ್ಲಿ ಬರುತ್ತದೆ. ಅರಮನೆಯ ಜಗಳ ಕಾಯ್ದೆಯ ಅಂಗಳಕ್ಕೆ ಬರುವುದು ಅದಕ್ಕೇ.

ಗವರ್ನರ್ ಆಗುವವರು ಕೊಡಬೇಕಾದ ಸ್ವವಿವರ 18ನೇ ವಿಧಿಯಲ್ಲಿದೆ: ಓದು, ಕೆಲಸ, ಒಡಹುಟ್ಟಿದವರು, ‘ಇಸ್ತ್ರೀ’, ಮಕ್ಕಳು. ನಮ್ಮ ‘ಸ್ತ್ರೀ’ಯೇ ಅದು, ಅಲ್ಲಿ ಹೆಂಡತಿ ಎಂದರ್ಥ. ಎರಡು ಸಲ ಓದಿ ದಾಟಿಹೋಗಿದ್ದೆ. ಮೂರನೇ ಸಲ ಬೆರಳು ಅಲ್ಲೇ ನಿಂತಿತು. ಹೆಂಡತಿಯ ವಿವರ ಕೇಳುವ ಪಟ್ಟಿಯನ್ನು ಹೆಣ್ಣೊಬ್ಬಳು ಹೇಗೆ ತುಂಬಬೇಕು? ಈಗಿನ ಸುಲ್ತಾನರಾದ ಹತ್ತನೇ ಹಮೆಂಕುಬುವೊನೊ ಅವರಿಗೆ ಇರುವವರು ಐವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ.

2015ರ ಏಪ್ರಿಲ್ 30ರಂದು ಸುಲ್ತಾನರು ‘ಸಬ್ದ ರಾಜ’ ಹೊರಡಿಸಿದರು. ಶಬ್ದ, ರಾಜ, ಎರಡೂ ನಮಗೆ ಗೊತ್ತಿರುವವೇ. ತಮ್ಮ ಬಿರುದಿನ ‘ಬುವೊನೊ’ವನ್ನು ‘ಬಾವೊನೊ’ ಮಾಡಿದರು, ‘ಖಲೀಫತುಲ್ಲಾ’ (ದೇವರ ಪ್ರತಿನಿಧಿ) ಎಂಬುದನ್ನು ಕೈಬಿಟ್ಟರು. ಮೇ 5ರಂದು ಹಿರಿಮಗಳಿಗೆ ‘ಮಂಕುಬುಮಿ’ ಎಂಬ ಹೆಸರಿಟ್ಟರು. ಅದು ಪಟ್ಟದ ಹಾದಿಯ ಹೆಸರು ಎಂದು ಎಲ್ಲರೂ ಓದಿಕೊಂಡರು. ಸುಲ್ತಾನರ ತಮ್ಮಂದಿರು ಒಪ್ಪಲಿಲ್ಲ. ಪರಂಪರೆ ಗಂಡಿನದು ಎಂದರು.

2017ರ ಆಗಸ್ಟ್ 31ರಂದು ಸಾಂವಿಧಾನಿಕ ನ್ಯಾಯಾಲಯ ಆ ಪಟ್ಟಿಯ ಪದಗಳನ್ನೇ ತೆಗೆದುಹಾಕಿತು. ನಾನು ಸಂಭ್ರಮದಿಂದ ‘ಹೆಣ್ಣು ಸುಲ್ತಾನ್ ಆಗಬಹುದು ಎಂದು ತೀರ್ಪು’ ಅಂತ ಟಿಪ್ಪಣಿ ಬರೆದೆ, ತರಗತಿಯಲ್ಲೂ ಹಾಗೆಯೇ ಹೇಳಿದೆ. ತಪ್ಪು. ತೀರ್ಪನ್ನು ಮತ್ತೆ ಸಾಲುಸಾಲಾಗಿ ಓದಿದಾಗ ತಿಳಿಯಿತು: ಕೋರ್ಟು ತೆಗೆದದ್ದು ಗವರ್ನರ್ ಹುದ್ದೆಗೆ ಅಡ್ಡ ಬಂದ ತಾರತಮ್ಯವನ್ನು. ಪಟ್ಟ ಯಾರಿಗೆ ಎಂಬುದನ್ನು ಅರಮನೆಗೇ ಬಿಟ್ಟಿತ್ತು. ಮರುದಿನ ಹುಡುಗರ ಮುಂದೆ ಬೋರ್ಡಿನ ಮೇಲೆ ಎರಡು ಕಾಲಂ ಎಳೆದು ತಿದ್ದಿದೆ: ಒಂದು ಕಡೆ ಗವರ್ನರ್, ಇನ್ನೊಂದು ಕಡೆ ಸುಲ್ತಾನ್.

ಆಗಲೇ ಒಬ್ಬಳು ಒಂದನೇ ವಿಧಿ ತೆಗೆದು ತೋರಿಸಿದಳು. ಕಾಯ್ದೆಯಲ್ಲಿ ಸುಲ್ತಾನರ ಪೂರ್ತಿ ಬಿರುದು ಅಚ್ಚಾಗಿದೆ, ಹಳೆಯ ‘ಬುವೊನೊ’, ‘ಖಲೀಫತುಲ್ಲಾ’ ಸಮೇತ. ಅಂದರೆ ನನ್ನ ಎರಡು ಕಾಲಂಗಳು ಪೂರ್ತಿ ಬೇರೆಬೇರೆಯಲ್ಲ, ಸುಲ್ತಾನರ ಬಿರುದು ಕಾಯ್ದೆಯೊಳಗೂ ಇದೆ. ನಾನದನ್ನು ಬರೀ ಹೆಸರೆಂದು ಓದದೆ ಬಿಟ್ಟಿದ್ದೆ. ಈಗ ಪಾಠ ಶುರುಮಾಡುವುದು ಆ ಹೆಸರಿನಿಂದಲೇ.