ತೆಪ್ಪದಲ್ಲಿ ಒಬ್ಬನೇ: ಗಾಳವೂ ನನ್ನದು, ಕ್ಯಾಮೆರಾವೂ ನನ್ನದು

ಕೆಆರ್‌ಎಸ್ ಹಿನ್ನೀರಿನಲ್ಲಿ ನಾನು ಗಾಳ ಹಾಕುವ ವಿಡಿಯೊ ನೋಡಿದವರು ಮೊದಲು ಕೇಳುವುದು, "ಶೂಟ್ ಮಾಡೋರು ಯಾರು?" ಅಂತ. ಯಾರೂ ಇಲ್ಲ, ನಾನೇ. ಒಂದು ಕೈಗೆ ಗಾಳ, ಇನ್ನೊಂದಕ್ಕೆ ರೀಲು. ಕ್ಯಾಮೆರಾಗೆ ಕೈ ಎಲ್ಲಿಂದ ತರೋದು? ಅದಕ್ಕೇ ದಡದಲ್ಲೇ ಎಲ್ಲ ಹೊಂದಿಸಿ, ರೆಕಾರ್ಡಿಂಗ್ ಹಾಕಿಕೊಂಡೇ ನೀರಿಗಿಳಿಯುತ್ತೇನೆ.

ನಿಜವಾದ ತಲೆನೋವು ತೆಪ್ಪದ್ದು. ದೋಣಿಗೆ ಹಿಂದು ಮುಂದು ಇರುತ್ತದೆ, ಬುಟ್ಟಿಯಂತೆ ದುಂಡಗಿರುವ ತೆಪ್ಪಕ್ಕೆ ಇಲ್ಲ. ಚೂರು ಗಾಳಿ ಬೀಸಿದರೂ ಸಾಕು, ಬುಗುರಿ ಥರ ತಿರುಗುತ್ತದೆ. ಅಂಚಿಗೆ ಕ್ಯಾಮೆರಾ ಕಟ್ಟಿದರೆ ಫ್ರೇಮಿನಲ್ಲಿ ನಾವು ಅಲ್ಲಾಡದೆ ಕೂತಿರುತ್ತೇವೆ, ಹಿಂದಿನ ದಡ ಸುತ್ತು ಹೊಡೆಯುತ್ತಿರುತ್ತದೆ. ನೋಡುವವರಿಗೆ ಎರಡೇ ನಿಮಿಷಕ್ಕೆ ತಲೆಸುತ್ತು. ಬೆಳಕೂ ಹಾಗೇ. ಈಗ ಮುಖದ ಮೇಲೆ ಬಿಸಿಲು, ಆಮೇಲೆ ಸೂರ್ಯ ಬೆನ್ನ ಹಿಂದೆ, ಮುಖವೆಲ್ಲ ಕಪ್ಪು. ಕ್ಯಾಮೆರಾದ ಸ್ಟೆಬಿಲೈಸೇಶನ್ ಕುಲುಕಾಟ ತಡೆಯುತ್ತದೆ, ಈ ಸುತ್ತಾಟಕ್ಕೆ ಅದರಲ್ಲಿ ಮದ್ದಿಲ್ಲ.

ಮದ್ದು ಇರುವುದು ಹಗ್ಗ ಮತ್ತು ಕಲ್ಲಿನಲ್ಲಿ. ಹಗ್ಗಕ್ಕೆ ಕಟ್ಟಿ ಒಂದೇ ಕಲ್ಲು ನೀರಿಗಿಳಿಸಿದರೆ ತೆಪ್ಪ ಅದರ ಸುತ್ತಲೇ ಆಡುತ್ತದೆ. ಎದುರುಬದುರು ಅಂಚಿನಿಂದ ಎರಡು ಬಿಡಬೇಕು. ಹಗ್ಗ ನೀರಿನ ಆಳಕ್ಕಿಂತ ಚೆನ್ನಾಗಿಯೇ ಉದ್ದ ಇರಲಿ. ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ. ಮುಂಗಾರಿನಲ್ಲಿ ಗಾಳಿ ಎದ್ದರೆ ಗಂಟು ಬಿಡಿಸುತ್ತಾ ಕೂರೋಕಾಗಲ್ಲ. ಬೆಳಗಿನ ಸೂರ್ಯ ಕ್ಯಾಮೆರಾದ ಬೆನ್ನಿಗೆ ಬರುವಂತೆ ನೋಡಿಕೊಂಡೇ ಎರಡನೇ ಕಲ್ಲು ಇಳಿಸುತ್ತೇನೆ.

ಬಿದಿರಿನ ಅಂಚು ದಪ್ಪ, ಏರುಪೇರು. ಅಂಗಡಿಯ ಕ್ಲಾಂಪ್ ಜಾರುತ್ತದೆ. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ, ಅಂಚಿಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಕ್ಲಾಂಪ್ ಕಚ್ಚಿಸಿದರೆ ಅಲ್ಲಾಡುವುದಿಲ್ಲ. ಜೊತೆಗೆ ಕ್ಯಾಮೆರಾದಿಂದ ಬಿದಿರಿನ ಹೆಣಿಗೆಗೆ ಒಂದು ಟಂಗೂಸು ದಾರ. ಕ್ಲಾಂಪ್ ಮುರಿದರೂ ಕ್ಯಾಮೆರಾ ಕಾವೇರಿ ಪಾಲಾಗಬಾರದಲ್ವಾ? ನಾನು ಗಾಳ ಬೀಸುವುದು ಬಲಗೈಯಲ್ಲಿ, ಹಾಗಾಗಿ ಈ ಕ್ಯಾಮೆರಾದ ಜಾಗ ಎಡಕ್ಕೆ. ಇನ್ನೊಂದು ಕ್ಯಾಮೆರಾ ಎದೆಪಟ್ಟಿಗೆ. ಪಟ್ಟಿಯನ್ನು ಲೈಫ್ ಜಾಕೆಟ್ ಮೇಲೆಯೇ ಸಡಿಲಿಸಿ ಹಾಕಿ. ಪಟ್ಟಿ ಕೂರುತ್ತಿಲ್ಲ ಅಂತ ಜಾಕೆಟ್ ಬಿಚ್ಚಿಡುವವರನ್ನು ನೋಡಿದ್ದೇನೆ. ಒಬ್ಬರೇ ಇರುವಾಗ ಅದಕ್ಕಿಂತ ದಡ್ಡತನ ಇಲ್ಲ.

ಮೀನು ಕಚ್ಚುವ ಕ್ಷಣ ಹಿಡಿಯುವುದು ಹೇಗೆ? ಗೋಪ್ರೊ ಅನ್ನುವ ಪುಟ್ಟ ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಹೀರೊ 9 ಮಾದರಿಯಿಂದ ಹೈಂಡ್‌ಸೈಟ್ ಅಂತ ಒಂದು ಸೌಲಭ್ಯವಿದೆ. ಬಟನ್ ಒತ್ತುವುದಕ್ಕೆ ಮುಂಚಿನ 15 ಅಥವಾ 30 ಸೆಕೆಂಡನ್ನೂ ಉಳಿಸಿಕೊಡುತ್ತದೆ. ಒಳ್ಳೆಯದೇ, ಆದರೆ ಒತ್ತುವುದಕ್ಕೂ ಕೈ ಬೇಕು. ಜಿಲೇಬಿಯಂಥ ಸಣ್ಣ ಮೀನು ಕಚ್ಚಿದರೆ ಒತ್ತಬಹುದು. ದೊಡ್ಡ ಕಾಟ್ಲಾ ಮೀನು ಎಳೆಯುವಾಗ ರೀಲು ಬಿಟ್ಟು ಬಟನ್ ಹುಡುಕುವವರು ಯಾರು? ಅದಕ್ಕೇ ಎದೆಯ ಕ್ಯಾಮೆರಾ 1080ಪಿ ಗುಣಮಟ್ಟದಲ್ಲಿ ಸುಮ್ನೆ ಓಡುತ್ತಿರಲಿ. ಕಾರ್ಡ್ ಬೇಗ ತುಂಬುವುದಿಲ್ಲ, ಬ್ಯಾಟರಿಗೆ ಜಾಕೆಟ್ ಜೇಬಿನ ಪವರ್ ಬ್ಯಾಂಕ್ ಇದೆ. ಕೇಬಲ್ ಹಾಕಿದಾಗ ಮುಚ್ಚಳ ತೆರೆದಿರುತ್ತದೆ, ಆಗ ಕ್ಯಾಮೆರಾ ವಾಟರ್‌ಪ್ರೂಫ್ ಅಲ್ಲ ಅನ್ನುವುದು ಗಮನದಲ್ಲಿರಲಿ. ಮೀನು ಒಳಗೆ ಬಂದ ಮೇಲೆ ಅಂಗೈಯಿಂದ ಲೆನ್ಸ್ ಒಂದು ಗಳಿಗೆ ಮುಚ್ಚುತ್ತೇನೆ. ಎಡಿಟಿಂಗಿಗೆ ಕೂತಾಗ ಆ ಕಪ್ಪು ಫ್ರೇಮ್ ದೂರದಿಂದಲೇ ಕಾಣುತ್ತದೆ, ಗಂಟೆಗಟ್ಟಲೆ ಫೂಟೇಜ್ ಜಾಲಾಡುವ ಕೆಲಸ ತಪ್ಪುತ್ತದೆ.

ಗಾಳಿಯ ಸದ್ದಿಗೆ ಮೈಕ್ ಮೇಲೆ ಸ್ಪಂಜಿನ ಚೂರು ಸಾಕು.

ಹೊರಡುವ ಮುಂಚೆ ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡುವುದು ಅಭ್ಯಾಸ. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 124.80 ಅಡಿ ತುಂಬಿದಾಗ ಇದ್ದ ದಡ ಬೇಸಿಗೆಯಲ್ಲಿ ಎಲ್ಲೋ ಹೋಗಿರುತ್ತದೆ, ಮುಳುಗಿದ್ದ ಬಂಡೆ, ಮರದ ಬುಡ ಮೇಲೆ ಬಂದಿರುತ್ತವೆ. ಗಾಳ ಹಾಕಲು ಅನುಮತಿ ಬೇಕೇ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ಅಣೆಕಟ್ಟೆಯ ಹತ್ತಿರ ಸುಳಿಯಬೇಡಿ. ಕೆಳಗೆ ರಂಗನತಿಟ್ಟಿನ ಕಡೆಯಂತೂ ಬೇಡವೇ ಬೇಡ. ಅದು 1940ರಿಂದ ಪಕ್ಷಿಧಾಮ, ನೀರಿನಲ್ಲಿ ಮೊಸಳೆಗಳೂ ಇವೆ.