ದೊಡ್ಡ ಗೋಟ್‌ಫಿಶ್ ಸಾಕಿದ್ದು: ನನ್ನ ಅನುಭವ

ದೊಡ್ಡ ಗೋಟ್‌ಫಿಶ್ (ಗದ್ದದಲ್ಲಿ ಮೀಸೆಯಿರುವ ಸಮುದ್ರದ ಮೀನು) ಮನೆ ಟ್ಯಾಂಕಿನಲ್ಲಿ ಬಾಳುವುದಿಲ್ಲ, ಸುಮ್ನೆ ದುಡ್ಡು ದಂಡ ಅಂತ ಬೆಂಗಳೂರಿನಲ್ಲಿ ಉಪ್ಪುನೀರಿನ ಮರೀನ್ ಟ್ಯಾಂಕ್ ಇಟ್ಟಿರುವ ಗೆಳೆಯರೆಲ್ಲ ಹೇಳಿದ್ದರು. ನನ್ನದಕ್ಕೆ ಈಗ ಎರಡು ವರ್ಷ ದಾಟಿದೆ. ಬಂದಾಗ ಗೇಣುದ್ದ ಇತ್ತು, ಈಗ ಹೆಚ್ಚುಕಮ್ಮಿ 14 ಇಂಚು. ಇಂಡಿಯನ್ ಗೋಟ್‌ಫಿಶ್ ಇದು, ಪಕ್ಕೆಯಲ್ಲಿ ಹಳದಿ ಮಚ್ಚೆ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. ಟ್ಯಾಂಕ್ 6 ಅಡಿ ಉದ್ದ, ಎರಡೂವರೆ ಅಡಿ ಅಗಲ, ಸಂಪ್ (ಫಿಲ್ಟರ್ ಇಡುವ ತೊಟ್ಟಿ) ಸೇರಿ 900 ಲೀಟರ್ ಆಸುಪಾಸು.

ಇದಕ್ಕೂ ಮೊದಲು ತಂದವು ಉಳಿಯಲಿಲ್ಲ. ನೀರಿನಲ್ಲಿ ತಪ್ಪಿರಲಿಲ್ಲ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಚಿಲ್ಲರ್ 26 ಡಿಗ್ರಿಯಲ್ಲಿ, ಅಮೋನಿಯಾ ಸೊನ್ನೆ. ಕ್ವಾರಂಟೈನ್‌ನಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಪರಜೀವಿ ಹುಳದ ಮದ್ದು ಕೊಟ್ಟಾಯಿತು. ಪೆಲೆಟ್ (ಒಣ ಗುಳಿಗೆ ಆಹಾರ) ಹಾಕಿದರೆ ಬಾಯಿಗೆ ಹಾಕಿಕೊಂಡು ಉಗಿಯುತ್ತಿದ್ದವು. ಫ್ರೋಜನ್ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಚೆನ್ನಾಗಿ ತಿನ್ನುತ್ತಿದ್ದವು, ತಿಂಗಳಿಗೆ ನಾಲ್ಕು ಸಾವಿರ ಅದಕ್ಕೇ ಹೋಗುತ್ತಿತ್ತು, ಆದರೂ ತಲೆಯ ಹಿಂದೆ ಬೆನ್ನು ಚೂಪಾಗುತ್ತಾ ಹೋಗುತ್ತಿತ್ತು. ಬೆನ್ನು ಹಾಗಾದ ಮೇಲೆ ಒಂದೂ ಚೇತರಿಸಿಕೊಳ್ಳಲಿಲ್ಲ.

ಗಾಜಿನ ಮುಂದೆ ಕೂತು ನೋಡಿದಾಗಲೇ ವಿಷಯ ಗೊತ್ತಾಗಿದ್ದು. ಗದ್ದದ ಕೆಳಗಿನ ಎರಡು ಮೀಸೆ ಒಂದು ಕ್ಷಣ ಸುಮ್ಮನಿರುವುದಿಲ್ಲ. ಮರಳನ್ನು ತಡವುತ್ತದೆ, ಮೂತಿ ತೂರಿಸುತ್ತದೆ, ಕಿವಿರಿನಿಂದ ಮರಳು ಉದುರುತ್ತದೆ, ಮತ್ತೆ ಮುಂದಕ್ಕೆ. ಬೆಳಗಿನಿಂದ ಸಂಜೆವರೆಗೆ ಇದೇ ಕೆಲಸ. ಸಮುದ್ರದಲ್ಲಾದರೆ ಹುಳ, ಸಣ್ಣ ಏಡಿ, ಏನಾದರೂ ಸಿಗುತ್ತದೆ. ನನ್ನ ಮರಳಿನಲ್ಲಿದ್ದ ಹುಳವನ್ನೆಲ್ಲ ಒಂದೆರಡು ವಾರದಲ್ಲೇ ಖಾಲಿ ಮಾಡಿತ್ತು. ದಿನವಿಡೀ ದುಡಿಮೆ, ಹೊಟ್ಟೆಗೆ ಮಾತ್ರ ಎರಡು ಹೊತ್ತಿನ ಮೈಸಿಸ್. ಸೊರಗದೆ ಇನ್ನೇನು?

ಹಾಗಾಗಿ ಮರಳಿನಲ್ಲಿ ಹುಳ ಬೆಳೆಸಲು ಶುರು ಮಾಡಿದೆ. ಬಾಲ್ಕನಿಯಲ್ಲಿ ಎರಡು ದೊಡ್ಡ ಪ್ಲಾಸ್ಟಿಕ್ ಟಬ್, ಟ್ಯಾಂಕಿನ ಹಳೇ ನೀರು, ಗಾಳಿಗೆ ಒಂದು ಪಂಪ್. ಲೈವ್ ರಾಕ್‌ನಿಂದ (ಸಮುದ್ರ ಜೀವಿಗಳು ತುಂಬಿದ ಕಲ್ಲು) ಹಿಡಿದ ಬ್ರಿಸಲ್ ಹುಳ ಮತ್ತು ಆಂಫಿಪಾಡ್ (ಸಿಗಡಿಯಂಥ ಪುಟ್ಟ ಜೀವಿ) ಬಿಟ್ಟು, ಒಳಗೆ ಮರಳು ತುಂಬಿದ ಅಗಲದ ಟ್ರೇಗಳನ್ನು ಇಟ್ಟೆ. ಮೂರ್ನಾಲ್ಕು ದಿನಕ್ಕೆ ಒಂದು ಟ್ರೇ ಟ್ಯಾಂಕಿಗೆ ಇಳಿಯುತ್ತದೆ, ಖಾಲಿಯಾದದ್ದು ಟಬ್‌ಗೆ ವಾಪಸ್. ಟಬ್‌ನಲ್ಲಿ ಹುಳ ಬೇಗ ಹೆಚ್ಚಲು ಏನು ಹಾಕುತ್ತೇನೆ ಅನ್ನೋದು ನನ್ನಲ್ಲೇ ಇರಲಿ, ಅದನ್ನು ಕಂಡುಕೊಳ್ಳಲು ವರ್ಷವೇ ಹಿಡಿಯಿತು.

ಇದರ ಜೊತೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಊಟ. ಸಿಪ್ಪೆ ಸಮೇತ ಕೊಚ್ಚಿದ ಸಿಗಡಿ, ಮರುವಾಯಿ ಚಿಪ್ಪಿನ ಮಾಂಸ. ಉದ್ದ ಪೈಪಿನಿಂದ ಮರಳಿನ ಒಳಗೇ ತೂರಿಸುತ್ತೇನೆ, ಹುಡುಕಿ ತಿನ್ನಲಿ ಅಂತ. ಸಿಗಡಿ ರಸೆಲ್ ಮಾರ್ಕೆಟ್‌ನಿಂದ ತಾಜಾ ತರುತ್ತೇನೆ. ಪ್ಯಾಕೆಟ್ ಸಿಗಡಿಗೆ ಎಷ್ಟೋ ಸಲ ಫಾಸ್ಫೇಟ್ ಬೆರೆಸಿರುತ್ತಾರೆ, ಅದು ಟ್ಯಾಂಕಿಗೆ ಬೇಡ. ಈಗ ಮರುವಾಯಿ ರಸದಲ್ಲಿ ನೆನೆಸಿದ ಪೆಲೆಟ್ಟನ್ನೂ ತಿನ್ನುತ್ತದೆ.

ಇಷ್ಟು ತಿನ್ನಿಸಿದರೆ ಕಸದಿಂದ ನೀರಿಗೆ ಸೇರುವ ನೈಟ್ರೇಟ್ ಏರದೆ ಇರುತ್ತಾ? 80 ppmಗೆ ಹೋಗಿತ್ತು. ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಒಂದು ಸೈಜ್ ದೊಡ್ಡದು ಹಾಕಿದೆ, ಸಂಪ್‌ನಲ್ಲಿ ಕೀಟೋ ಪಾಚಿಗೆ ರಾತ್ರಿಯೆಲ್ಲ ಲೈಟ್, ದಿನಾ ಚೂರು ವಿನೆಗರ್. ಈಗ 20-30ರಲ್ಲಿ ನಿಂತಿದೆ. ಎಲ್ಲ ಸೇರಿ ಎರಡೂವರೆ ಲಕ್ಷ ಆಗಿರಬಹುದು, ಕರೆಂಟಿಗೆ ತಿಂಗಳಿಗೆ ಮೂರು ಸಾವಿರ ಬೇರೆ. ಮೈಸಿಸ್ ಬಿಟ್ಟಿದ್ದರಿಂದ ಊಟದ ಖರ್ಚು ಮಾತ್ರ ಅರ್ಧಕ್ಕಿಂತ ಕಡಿಮೆ.

ಮರಳು ನುಣ್ಣಗಿರಲೇಬೇಕು. ಹವಳದ ದಪ್ಪ ಪುಡಿ ಇದ್ದಾಗ ಮೀಸೆಯ ತುದಿ ಸವೆದು ಕೆಂಪಾಗಿತ್ತು, ನುಣ್ಣನೆಯದು ಹಾಕಿದ ಮೇಲೆ ಮಾಯಿತು. ಮುಚ್ಚಳ ಬಲೆಯದ್ದು, ಗಟ್ಟಿಯಾಗಿ. ರಾತ್ರಿ ಮೈಮೇಲೆ ಕೆಂಪು ಪಟ್ಟೆ ಮೂಡಿಸಿಕೊಂಡು ಮರಳಿನ ಮೇಲೆ ಮಲಗಿದರೆ ಗಾಬರಿ ಬೇಡ, ಅದರ ರಾತ್ರಿ ಬಣ್ಣವೇ ಹಾಗೆ.

ಜೊತೆಗೆ ಒಂದು ಮೂನ್ ರಾಸ್ ಮೀನು ಬಿಟ್ಟು ನೋಡಿದೆ. ಸಮುದ್ರದಲ್ಲಿ ಮಾಡುವ ಹಾಗೇ ಇಲ್ಲೂ ಗೋಟ್‌ಫಿಶ್ ಹಿಂದೆಯೇ ಸುತ್ತುತ್ತದೆ, ಇದು ಮರಳು ಕೆದಕಿದಾಗ ಎದ್ದು ಓಡುವ ಆಂಫಿಪಾಡನ್ನು ಅದು ಹಿಡಿಯುತ್ತದೆ. ನೋಡಲು ತುಂಬಾ ಚೆಂದ, ಆದರೆ ಟ್ರೇ ಒಂದು ದಿನ ಮೊದಲೇ ಖಾಲಿ. ಕ್ಲೀನರ್ ಸಿಗಡಿ, ಸಣ್ಣ ಮೀನು ಮಾತ್ರ ಇದರ ಜೊತೆ ಬೇಡ, ಉಳಿಯುವುದಿಲ್ಲ.

ಟಬ್ ಶುರು ಮಾಡುವವರು ಬೆಂಗಳೂರಿನಲ್ಲಿದ್ದರೆ ಡಬ್ಬಿ ತನ್ನಿ, ಹುಳ ಇರುವ ಮರಳು ಎರಡು ಹಿಡಿ ಕೊಡುತ್ತೇನೆ.