‘ಓಡಿಹೋಯ್ತು ಬೆಕ್ಕು’ ಅಂದರೆ ತಪ್ಪಾ? ಬರ್ಲಿನ್‌ನಲ್ಲಿ ಟರ್ಕಿಶ್ ಮಕ್ಕಳ ಮಾತು ರೆಕಾರ್ಡ್ ಮಾಡಿದ ನನ್ನ ಅನುಭವ

ಟರ್ಕಿಶ್ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಕನ್ನಡದ ಹಾಗೆ. ಅದಕ್ಕೇ ಬರ್ಲಿನ್‌ನಲ್ಲಿ ಬೆಳೆಯುವ ಟರ್ಕಿಶ್ ಮಗು ‘ಕಾಚ್ತಿ ಕೆದಿ’, ಅಂದರೆ ‘ಓಡಿಹೋಯ್ತು ಬೆಕ್ಕು’ ಅಂದ ಕೂಡಲೇ ದೊಡ್ಡವರು ಮುಖ ಮುಖ ನೋಡಿಕೊಳ್ಳುತ್ತಾರೆ. ಜರ್ಮನ್ ಮಾತಾಡಿ ಮಾತಾಡಿ ಮಗುವಿನ ಟರ್ಕಿಶ್ ಕೆಟ್ಟಿತು ಅನ್ನುತ್ತಾರೆ. ಜರ್ಮನ್‌ನ ಸರಳ ವಾಕ್ಯದಲ್ಲಿ ಕ್ರಿಯಾಪದಕ್ಕೆ ಎರಡನೇ ಜಾಗ, ಹಾಗಾಗಿ ಅನುಮಾನ ಬರುವುದು ಸಹಜವೇ. ನಾನು ನೋಡಿದ ಒಂದು ಶಿಶುವಿಹಾರದ ವರದಿಯಲ್ಲಿ ‘ಪದಕ್ರಮ ಸರಿಯಿಲ್ಲ’ ಎಂದು ಒಂದೇ ಸಾಲು ಬರೆದು ಮುಗಿಸಿದ್ದರು. ಆದರೆ ನಾವು ಮನೆಯಲ್ಲಿ ‘ಬಂದ್ರಾ ಅಪ್ಪ?’, ‘ಎಲ್ಲಿಗೆ ಹೋದ ಅವನು?’ ಅನ್ನಲ್ವಾ? ಟರ್ಕಿಯ ಹಳ್ಳಿಯಲ್ಲಿ ಜರ್ಮನ್ನಿನ ಗಂಧಗಾಳಿ ಇಲ್ಲದ ಅಜ್ಜಿಯರೂ ಹೀಗೇ ಮಾತಾಡುತ್ತಾರೆ.

ಯಾವುದು ಟರ್ಕಿಶ್ ಆಡುಮಾತಿನದೇ ರೂಢಿ, ಯಾವುದು ನಿಜವಾಗಿ ಬದಲಾಗಿದೆ? ನನ್ನ ಎಂ.ಎ. ಪ್ರಬಂಧ ಇದರ ಮೇಲೇ. ಕ್ರೊಯ್ಟ್ಸ್‌ಬರ್ಗ್, ನಾಯ್‌ಕೋಲ್ನ್ ಕಡೆಯ ನಾಲ್ಕರಿಂದ ಆರು ವರ್ಷದ ಮಕ್ಕಳ ಮಾತನ್ನು, ಅಪ್ಪ ಅಮ್ಮನ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದೆ. ಆಗಿನ ಪಶ್ಚಿಮ ಜರ್ಮನಿಗೂ ಟರ್ಕಿಗೂ 1961ರಲ್ಲಿ ಕಾರ್ಮಿಕರನ್ನು ಕಳಿಸುವ ಒಪ್ಪಂದವಾಯಿತು, 1973ರಲ್ಲಿ ಆ ನೇಮಕಾತಿ ನಿಂತಿತು. ಅಷ್ಟರಲ್ಲಿ ಬಂದಿದ್ದವರಲ್ಲಿ ಎಷ್ಟೋ ಜನ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಇಲ್ಲೇ ಉಳಿದರು. ನನ್ನ ಮುಂದೆ ಕೂತ ಮಕ್ಕಳು ಅಂಥವರ ಮೊಮ್ಮಕ್ಕಳು, ಮರಿಮಕ್ಕಳು.

ಮೊದಲ ಪ್ರಶ್ನೆ, ಮಗು ಯಾರಿಗೆ ಕಥೆ ಹೇಳಬೇಕು? ನನಗೆ ಹೇಳಿದರೆ ಎರಡನೇ ವಾಕ್ಯಕ್ಕೇ ಜರ್ಮನ್ ಶುರು. ಅದಕ್ಕೆ ಅಜ್ಜಿಯನ್ನು ಕೂರಿಸಿದೆ. ಮಾತಿಲ್ಲದ ಚಿತ್ರಪುಸ್ತಕವೊಂದನ್ನು ಮಗುವಿನ ಕಡೆಗೆ ಮಾತ್ರ ಕಾಣುವ ಹಾಗೆ ಇಟ್ಟೆ. ಇದು ಮುಖ್ಯ. ಇಬ್ಬರಿಗೂ ಚಿತ್ರ ಕಂಡರೆ ‘ಬೆಕ್ಕು’ ಅಂತ ಹೇಳುವ ಅಗತ್ಯವೇ ಇಲ್ಲ. ಮಗು ಅದನ್ನು ಬಿಟ್ಟೇಬಿಡುತ್ತದೆ, ಇಲ್ಲವೇ ಕ್ರಿಯಾಪದ ಆದ ಮೇಲೆ ಸುಮ್ನೆ ಸೇರಿಸುತ್ತದೆ.

ಎರಡನೆಯದು, ಅದೇ ಕಥೆಯನ್ನು ಬೇರೆ ದಿನ ಅಮ್ಮನಿಂದಲೂ ಹೇಳಿಸಿದೆ. ಮಗುವಿನ ಟರ್ಕಿಶ್ ಅನ್ನು ಇಸ್ತಾಂಬುಲ್ ಟಿವಿಯ ವಾರ್ತೆಗೆ ಹೋಲಿಸಿ ಏನು ಸಿಗುತ್ತದೆ? ಮಗು ಕಲಿಯುವುದು ಅಡುಗೆಮನೆಯಲ್ಲಿ ಕೇಳಿದ್ದನ್ನು. ಒಂದು ಮನೆಯವರು ಕಪ್ಪು ಸಮುದ್ರದ ಟ್ರಾಬ್ಜಾನ್ ಕಡೆಯವರು. ಆ ಸೀಮೆಯ ಆಡುಮಾತಿನಲ್ಲಿ ಕ್ರಿಯಾಪದದ ನಂತರ ಪದ ಬರುವುದು ಇನ್ನೂ ಜಾಸ್ತಿ. ಅಮ್ಮನ ರೆಕಾರ್ಡಿಂಗ್ ಇಲ್ಲದಿದ್ದರೆ ಆ ಮನೆಯ ಮಗುವಿಗೂ ‘ಜರ್ಮನ್ ಪ್ರಭಾವ’ ಅಂತ ಹಣೆಪಟ್ಟಿ ಬೀಳುತ್ತಿತ್ತು.

ಕಷ್ಟದ ಕೆಲಸ ಆಮೇಲೆ. ಪ್ರತಿ ವಾಕ್ಯದಲ್ಲೂ ಕ್ರಿಯಾಪದ ಗುರುತಿಸಿ, ಅದರ ನಂತರ ಏನಾದರೂ ಇದೆಯಾ ಅಂತ ನೋಡಿದೆ. ಇದ್ದರೆ ಮೂರು ವಿಷಯ ಬರೆದುಕೊಂಡೆ: ಅದಕ್ಕೆ ವಿಭಕ್ತಿ ಪ್ರತ್ಯಯ ಇದೆಯಾ, ಕಥೆಯಲ್ಲಿ ಅದರ ಮಾತು ಆಗಲೇ ಬಂದಿತ್ತಾ, ದನಿ ಹೇಗಿದೆ. ‘ಅಲಿ ಎಲ್ಮಾಯಿ ಆಲ್ದಿ’ ಅಂದರೆ ಅಲಿ ಸೇಬನ್ನು ತಗೊಂಡ. ಇಲ್ಲಿ ‘ಯಿ’ ನಮ್ಮ ‘ಅನ್ನು’ ಇದ್ದಂತೆ. ಅದು ಅಂಟಿಕೊಂಡಿದ್ದರೆ ಸೇಬು ಎಲ್ಲಿ ಬೇಕಾದರೂ ಕೂರಬಹುದು, ‘ಆಲ್ದಿ ಅಲಿ ಎಲ್ಮಾಯಿ’ ಕೂಡ ನಡೆಯುತ್ತದೆ. ಪ್ರತ್ಯಯ ಇಲ್ಲದ ‘ಎಲ್ಮಾ’ಗೆ ಮಾತ್ರ ಆ ಸ್ವಾತಂತ್ರ್ಯ ಇಲ್ಲ, ಅದು ಕ್ರಿಯಾಪದದ ಮುಂಚೆ, ಅದಕ್ಕೆ ಒತ್ತಿಕೊಂಡೇ ಇರಬೇಕು. ‘ಆಲ್ದಿ ಎಲ್ಮಾ’ ಅಂದರೆ ಟರ್ಕಿಯವರ ಕಿವಿಗೆ ಕಲ್ಲು ಸಿಕ್ಕಿದ ಹಾಗೆ. (ಸೇಬು ತಿನ್ನುವ ಚಿತ್ರವನ್ನು ನಾನು ಬೇಕೆಂದೇ ಬಿಟ್ಟೆ. ‘ಯೆದಿ ಎಲ್ಮಾ’ಗೆ ಏಳು ಸೇಬು ಅಂತಲೂ ಅರ್ಥವಿದೆ. ಬರೆದುಕೊಳ್ಳುವವರ ತಲೆ ಕೆಡುತ್ತದೆ.)

ದನಿ ನೋಡಲು ಪ್ರಾಟ್ ಸಾಫ್ಟ್‌ವೇರ್ ಬಳಸಿದೆ, ಅದು ದನಿಯ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಟರ್ಕಿಶ್‌ನಲ್ಲಿ ಒತ್ತು ಬೀಳುವ ಹೊಸ ಸುದ್ದಿ ಸಾಮಾನ್ಯವಾಗಿ ಕ್ರಿಯಾಪದದ ಪಕ್ಕದಲ್ಲೇ, ಅದಕ್ಕಿಂತ ಮುಂಚೆ ಬರುತ್ತದೆ. ಕ್ರಿಯಾಪದ ದಾಟಿದ ಮೇಲೆ ಬರುವುದು ಇಬ್ಬರಿಗೂ ಗೊತ್ತಿರುವ ವಿಷಯ, ಅಲ್ಲಿ ದನಿಯ ಗೆರೆ ಚಪ್ಪಟೆಯಾಗುತ್ತದೆ. ‘ಕಾಚ್ತಿ ಕೆದಿ’ ಹೇಳಿದ ಮಗುವಿನ ‘ಕೆದಿ’ ಪರದೆಯ ಮೇಲೆ ಚಪ್ಪಟೆಯಾಗಿತ್ತು. ಬೆಕ್ಕಿನ ಮಾತು ಹಿಂದಿನ ಪುಟದಲ್ಲೇ ಬಂದಿತ್ತು. ಅಮ್ಮನ ರೆಕಾರ್ಡಿಂಗ್‌ನಲ್ಲೂ ಅದೇ ಆಕಾರ. ಇದರಲ್ಲಿ ತಪ್ಪು ಹುಡುಕುವುದೇನು?

ನನಗೆ ಸಿಕ್ಕಿದ್ದರಲ್ಲಿ ಬಹುಪಾಲು ಹೀಗೇ ಇತ್ತು. ನೆದರ್ಲೆಂಡ್ಸ್‌ನ ಟರ್ಕಿಶ್ ಬಗ್ಗೆ ಸೆಜಾ ಡೋರುಯೊಜ್ ಮತ್ತು ಆಡ್ ಬಾಕುಸ್ 2007ರಲ್ಲಿ ಬರೆದ ಲೇಖನವೂ ಇದೇ ಕಡೆ ಕೈ ತೋರಿಸುತ್ತದೆ: ಕ್ರಿಯಾಪದದ ನಂತರದ ಪದಗಳ ವಿಷಯದಲ್ಲಿ ಅಲ್ಲಿಯವರ ಮಾತು ಟರ್ಕಿಯವರದಕ್ಕಿಂತ ಅಷ್ಟೇನೂ ಬೇರೆಯಾಗಿಲ್ಲ. ‘ಆಲ್ದಿ ಎಲ್ಮಾ’ ಥರದ್ದು ನನಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು, ಅದೂ ಅಣ್ಣ ಅಕ್ಕಂದಿರ ಜೊತೆ ಮನೆಯಲ್ಲೂ ಜರ್ಮನ್ ಮಾತಾಡುವ ಮಕ್ಕಳಲ್ಲಿ.

ಹೇಳುವುದಷ್ಟೇ ಅಲ್ಲ, ಅರ್ಥ ಮಾಡಿಕೊಳ್ಳುವುದನ್ನೂ ನೋಡಬೇಕಲ್ಲ. ಡ್ಯಾನ್ ಸ್ಲೋಬಿನ್ ಮತ್ತು ಥಾಮಸ್ ಬೆವರ್ 1982ರಲ್ಲಿ ಪ್ರಕಟಿಸಿದ ಕೆಲಸ ಹೆಸರಾದದ್ದು. ಟರ್ಕಿಯ ಎರಡು ವರ್ಷದ ಪುಟಾಣಿಗಳೂ ಪದ ಹಿಂದೆ ಮುಂದೆ ಆದರೆ ಗಲಿಬಿಲಿಯಾಗದೆ, ಪ್ರತ್ಯಯ ಹಿಡಿದು ಆಟಿಕೆ ಪ್ರಾಣಿಗಳನ್ನು ಸರಿಯಾಗಿ ಆಡಿಸುತ್ತಿದ್ದರು. ನಾನೂ ಬೆಕ್ಕು, ಕುದುರೆ ಇಟ್ಟುಕೊಂಡೆ. ‘ಇತ್ತಿ’ (ತಳ್ಳಿತು) ಅನ್ನುವ ಕ್ರಿಯಾಪದ ಬೇಡ ಅಂದುಕೊಂಡೆ. ಕುದುರೆಗೆ ‘ಆತ್’, ಪ್ರತ್ಯಯ ಸೇರಿದರೆ ‘ಆತಿ’. ‘ಆತಿ ಇತ್ತಿ’ ಅನ್ನುವಾಗ ಪ್ರತ್ಯಯ ಮುಂದಿನ ಸ್ವರದಲ್ಲಿ ಕರಗಿಹೋಗುತ್ತದೆ, ಮಗುವಿಗೆ ಕೇಳಿಸುವುದೇ ಇಲ್ಲ. ‘ಕೊವಲಾದಿ’ (ಅಟ್ಟಿಸಿಕೊಂಡು ಹೋಯಿತು) ಸರಿಹೋಯಿತು. ‘ಕೆದಿಯಿ ಆತ್ ಕೊವಲಾದಿ’ ಅಂದರೆ ಬೆಕ್ಕನ್ನು ಕುದುರೆ ಅಟ್ಟಿಸಿತು. ಹೆಚ್ಚಿನ ಮಕ್ಕಳು ಸರಿಯಾಗಿಯೇ ಕುದುರೆಯಿಂದ ಬೆಕ್ಕನ್ನು ಅಟ್ಟಿಸಿದರು. ಮೊದಲು ಕೇಳಿದ ಪ್ರಾಣಿಯನ್ನೇ ಕೈಗೆತ್ತಿಕೊಂಡವರು, ಕಥೆ ಹೇಳುವಾಗಲೂ ಪ್ರತ್ಯಯ ನುಂಗುವ ಮಕ್ಕಳು. ಅವರ ಕಥೆಯಲ್ಲಿ ಪದಕ್ರಮ ಬಿಗಿಯಾಗಿತ್ತು. ಮಾಡುವವರು ಮೊದಲು, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದ, ಅಲ್ಲಾಡಿಸುವ ಹಾಗೇ ಇಲ್ಲ. ವ್ಯಾಕರಣ ಪುಸ್ತಕದಂಥ ಈ ಕ್ರಮ ಕೇಳಿ ದೊಡ್ಡವರು ಖುಷಿಪಡುತ್ತಾರೆ. ನನಗೆ ಚಿಂತೆಯಾಗುವುದು ಇಂಥ ಮಕ್ಕಳ ಬಗ್ಗೆಯೇ.

ಜರ್ಮನ್ ಪದ ಬೆರೆಸುವುದರ ಬಗ್ಗೆಯೂ ದೂರು ಬರುತ್ತದೆ. ‘ಶ್ಪೀಲನ್ ಯಾಪಿಯೋರುಜ್’ ಅನ್ನುತ್ತಾರೆ, ‘ಆಡು’ ಅನ್ನುವ ಜರ್ಮನ್ ಕ್ರಿಯಾಪದಕ್ಕೆ ಟರ್ಕಿಶ್‌ನ ‘ಮಾಡ್ತಿದ್ದೀವಿ’ ಅಂಟಿಸಿ. ‘ಫೋನ್ ಮಾಡ್ತೀನಿ’ ಅನ್ನುವ ನಾವು ಇದಕ್ಕೆ ಮೂಗು ಮುರಿಯುವುದು ಬೇಡ. ಕ್ರಮವಂತೂ ಪಕ್ಕಾ ಟರ್ಕಿಶ್.

ನಿಜವಾಗಿ ತಡವಾಗುವುದು ‘ಕಾಚಾನ್ ಕೆದಿ’, ನಮ್ಮ ‘ಓಡಿಹೋದ ಬೆಕ್ಕು’ ಥರದ ರಚನೆ. ಮಕ್ಕಳು ಅದನ್ನು ತಪ್ಪಿಸಿಕೊಂಡು ‘ಒಂದು ಬೆಕ್ಕಿದೆ, ಅದು ಓಡಿಹೋಯ್ತು’ ಅಂತ ಎರಡು ವಾಕ್ಯ ಮಾಡುತ್ತಾರೆ. ಒಂದೇ ಬೆಕ್ಕಿನ ಚಿತ್ರ ತೋರಿಸಿದರೆ ಇದು ಗೊತ್ತೇ ಆಗಲ್ಲ, ಎರಡು ವಾಕ್ಯದಲ್ಲೇ ಕೆಲಸ ಮುಗಿಯುತ್ತದೆ. ಒಂದೇ ಬಣ್ಣದ ಎರಡು ಬೆಕ್ಕು ಬರೆಸಿ, ಒಂದು ಓಡುತ್ತಿರಲಿ, ಒಂದು ಮಲಗಿರಲಿ. ‘ಯಾವ ಬೆಕ್ಕು ನಿಂಗೆ ಇಷ್ಟ?’ ಅಂತ ಅಜ್ಜಿಯಿಂದ ಕೇಳಿಸಿ, ಬೆರಳು ತೋರಿಸಬಾರದು ಅಂತ ಮೊದಲೇ ಹೇಳಿಡಿ.